ಕಡಿಮೆ ಖರ್ಚಿನ ಬೆಳಗಾವಿ ದರ್ಶನ

ಬೆಂಗಳೂರಿನವರಿಗೆ ಸಾಲಾಗಿ ಮೂರು ದಿನ ರಜೆ ಸಿಕ್ಕರೆ ಮೂರು ಆಸೆ ಒಟ್ಟಿಗೇ ಹುಟ್ಟುತ್ತವೆ. ಕಾಡಿನಲ್ಲಿ ಟೆಂಟು ಹಾಕಬೇಕು, ದ್ರಾಕ್ಷಿ ತೋಟದಲ್ಲಿ ಕೂತು ವೈನ್ ಗುಟುಕರಿಸಬೇಕು, ಒಂದು ಹಳೇ ಊರು ಸುತ್ತಿ ಫೋಟೊ ಹಾಕಬೇಕು. ನಾಲ್ಕನೆಯದು ಶರತ್ತು: ದುಡ್ಡು ಹೆಚ್ಚು ಬಿಚ್ಚಬಾರದು. ನಮ್ಮ ಅಕ್ಕನ ಮಗ ಇದಿಷ್ಟನ್ನೂ ಎಕ್ಸೆಲ್ ಹಾಳೆಯಲ್ಲಿ ಕೂರಿಸಿ, ಮೇಲೆ ‘ಬೆಳಗಾವಿ–ಖಾನಾಪುರ ಬಜೆಟ್ ಟ್ರಿಪ್’ ಎಂದು ಬರೆದು ಕಳಿಸಿದ್ದಾನೆ. "ಮಾಮಾ, ನೀವು ಅಲ್ಲಿಯವ್ರೇ ಅಲ್ರಿ, ಒಂದ್ಸಲ ಕಣ್ಣಾಡಿಸಿ ಹೇಳ್ರಿ."

ಬಜೆಟ್ ಟ್ರಿಪ್ ಎಂದರೇನೆಂದು ಈ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. ಚಳಿಗಾಲದ ಅಧಿವೇಶನಕ್ಕೆಂದು ಇಡೀ ಸರ್ಕಾರವೇ ಬಜೆಟ್ಟಿನ ದುಡ್ಡಿನಲ್ಲಿ ಇಲ್ಲಿಗೆ ಟ್ರಿಪ್ ಬರುತ್ತದೆ. ಆ ಹತ್ತು ದಿನ ಒಳ್ಳೆಯ ಹೋಟೆಲುಗಳಲ್ಲಿ ರೂಮು ಕೇಳಿದರೆ ಮ್ಯಾನೇಜರು ತಲೆಯೆತ್ತಿ ನೋಡುವುದೂ ಇಲ್ಲ. ಟೆಂಟಿನ ಅನುಭವವೂ ಪ್ಯಾಕೇಜಿನಲ್ಲೇ ಉಂಟು, ಆದರೆ ಅದು ಬೇರೆಯವರಿಗೆ. ಬಂದೋಬಸ್ತಿಗೆ ಬಂದ ಪೊಲೀಸರಿಗೆ ಟೆಂಟುಗಳ ಒಂದು ಊರೇ ಏಳುತ್ತದೆ. ಅಂಗನವಾಡಿಯವರು, ಅತಿಥಿ ಉಪನ್ಯಾಸಕರು, ಕಬ್ಬಿನ ರೈತರು ಕೊಂಡಸಕೊಪ್ಪದ ಬಯಲಿನ ಶಾಮಿಯಾನಗಳಲ್ಲಿ ಚಳಿಗೆ ಮುದುಡಿ ಕೂರುತ್ತಾರೆ. ಸಂಜೆ ಹೊತ್ತಿಗೆ ಮಂತ್ರಿಯೊಬ್ಬರ ಕಾರು ಬರುತ್ತದೆ. ಮನವಿ ಪತ್ರ ಕೈಗೆ ಬರುತ್ತದೆ, ಕೈಯಿಂದ ಪಿಎ ಕೈಗೆ ಹೋಗುತ್ತದೆ, ಪಿಎ ಕೈಯಿಂದ ಕಾರಿನ ಹಿಂದಿನ ಸೀಟಿಗೆ ಹೋಗುತ್ತದೆ. ಅಲ್ಲಿ ಅದಕ್ಕಿಂತ ಮೊದಲೇ ಬಂದ ಮನವಿಗಳೂ, ಅವುಗಳ ಮೇಲೊಂದು ಕುಂದಾ ಡಬ್ಬಿಯೂ ಇರುತ್ತವೆ.

ನೋಡುವ ಜಾಗಗಳ ಪಟ್ಟಿಯಲ್ಲಿ ಅಳಿಯ ಮೊದಲು ಹಾಕಿರುವುದು ಸುವರ್ಣ ವಿಧಾನಸೌಧ. ಸರಿಯಾಗೇ ಇದೆ. ಸುಮಾರು 400 ಕೋಟಿ ಖರ್ಚಿನ ಈ ಕಟ್ಟಡವನ್ನು 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದರು. ಅಧಿವೇಶನ ಮುಗಿದ ಮೇಲೆ ಸದನಕ್ಕೆ ಬೀಗ, ಉಳಿದದ್ದಕ್ಕೆ ಪೊರಕೆ. 2022ರಲ್ಲಿ ಕೂಲಿ ಲೆಕ್ಕದಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ಬಿಸಿಲು ಹಾಳಾಗಿ ಹೋಗುತ್ತಿದೆಯಲ್ಲ ಎಂದು ಸೌಧದ ಮುಂದೆ ಶಾವಿಗೆ, ಹಪ್ಪಳ ಒಣಹಾಕಿದಳು. ಫೋಟೊ ಊರೆಲ್ಲ ಹರಿದಾಡಿತು. ಸೌಧದ ಘನತೆಗೆ ಧಕ್ಕೆ ಬಂದಿತೆಂದು ಆಕೆಯನ್ನು ಕೆಲಸದಿಂದ ತೆಗೆದರು. ಜನ ಉಗಿದ ಮೇಲೆ ಮತ್ತೆ ಸೇರಿಸಿಕೊಂಡರು. ನನ್ನನ್ನು ಕೇಳಿದರೆ, ಆ ಅಂಗಳದಲ್ಲಿ ಒಬ್ಬರ ಹೊಟ್ಟೆಗೆ ನೇರವಾಗಿ ಉಪಯೋಗ ಬಿದ್ದ ಕಲಾಪ ಅದೊಂದೇ. ಒಳಗೆ ಒಣಹಾಕಿದ ಪ್ರಶ್ನೆಗಳು ಮಾತ್ರ ಇನ್ನೂ ಒಣಗುತ್ತಲೇ ಇವೆ.

ನಿಜವಾದ ಬಜೆಟ್ ಟ್ರಿಪ್ ಈ ಊರಿಗೆ ಒಮ್ಮೆ ಬಂದಿತ್ತು. 1924ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ಟಿಳಕವಾಡಿಯ ಬಯಲಿನಲ್ಲಿ. ಗಾಂಧೀಜಿ ಅಧ್ಯಕ್ಷರಾದದ್ದು ಅದೊಂದಕ್ಕೇ. ಗಂಗಾಧರರಾವ್ ದೇಶಪಾಂಡೆ ಮತ್ತು ಸಂಗಡಿಗರು ಟೆಂಟು, ಗುಡಿಸಲುಗಳ ಒಂದು ‘ವಿಜಯನಗರ’ವನ್ನೇ ಕಟ್ಟಿದರು. ಕುಡಿಯುವ ನೀರಿಗೆಂದು 4,370 ರೂಪಾಯಿ ಚಿಲ್ಲರೆಯಲ್ಲಿ ಬಾವಿ ತೋಡಿಸಿದರು. ಅದು ಇವತ್ತಿಗೂ ಕಾಂಗ್ರೆಸ್ ಬಾವಿಯೇ. ಗಾಂಧೀಜಿಗೆ ಬಿದಿರು, ಖಾದಿಯ ಗುಡಿಸಲು ಹಾಕಿಸಿದ್ದಕ್ಕೆ 350 ರೂಪಾಯಿ ಆಯಿತೆಂದು ತಿಳಿದು, ಇಷ್ಟೇಕೆ ಎಂದು ಅವರು ಗೊಣಗಿದರಂತೆ. ಮುದುಕರು ಖರ್ಚಿನ ಮಾತೆತ್ತಿದರೆ ಏನು ಮಾಡಬೇಕೆಂದು ನಮಗೆ ಗೊತ್ತಿದೆ: ನೂರು ವರ್ಷ ಕಾದು, 2024ರ ಡಿಸೆಂಬರ್‌ನಲ್ಲಿ ಅದರ ನೆನಪಿಗೆ ಇಡೀ ಊರಿಗೆ ಮೈಸೂರು ದಸರಾ ಮಾದರಿಯ ದೀಪ ಹಾಕಿಸಿದೆವು.

ಕೋಟೆಗೆ ಅಳಿಯ ಅರ್ಧ ತಾಸು ಕೊಟ್ಟಿದ್ದಾನೆ. 1204ರ ಕಮಲ ಬಸದಿ, ಸಫಾ ಮಸೀದಿ, 1892ರಲ್ಲಿ ವಿವೇಕಾನಂದರು ತಂಗಿದ್ದ ಮನೆ, ಎಲ್ಲಕ್ಕೂ ಸೇರಿ ಅರ್ಧ ತಾಸು. ರೀಲ್ಸಿಗೆ ಸಾಕು.

ಇನ್ನು ವೈನ್. ಹಾಳೆಯಲ್ಲಿ ಇದಕ್ಕೆ ‘ಖಾನಾಪುರ ವೈನ್‌ಯಾರ್ಡ್ಸ್, ಸಂಜೆ 4’ ಎಂದಿದೆ. ಖಾನಾಪುರ ಸೀಮೆಯ ಕಣಕುಂಬಿಯ ಮಳೆಯನ್ನು ಒಂದು ಜುಲೈ ಕಂಡವರು ಅಲ್ಲಿ ದ್ರಾಕ್ಷಿ ಬಳ್ಳಿ ಊರುವ ಮಾತಾಡುವುದಿಲ್ಲ. ಅಲ್ಲಿ ಬೆಳೆಯುವುದು ಭತ್ತ, ಗೋಡಂಬಿ. ಮಣ್ಣಿನಿಂದ ಹೆಂಚು, ಗಡಿಗೆ. ದ್ರಾಕ್ಷಿ ಬೇಕಾದರೆ ತಿರುಗಿ ನೂರು ಕಿಲೋಮೀಟರಿಗೂ ಆಚೆ ಅಥಣಿಗೆ ಹೋಗಬೇಕು. ಅಲ್ಲಿನ ರೈತನಿಗೆ ವೈನಿನ ಗೊಡವೆಯೇ ಕಡಿಮೆ. ಅವನು ಹಣ್ಣನ್ನು ಒಣಗಿಸಿ, ಸಾಂಗ್ಲಿ, ತಾಸಗಾಂವದ ಪೇಟೆಗೆ ಒಯ್ದು, ದಲಾಲರು ಹೇಳಿದ ದರಕ್ಕೆ ಕೊಟ್ಟು ಬರುತ್ತಾನೆ. ರಾಜ್ಯ ಸರ್ಕಾರ ವೈನ್ ನೀತಿ ತಂದದ್ದು 2007ರಲ್ಲಿ. ವೈನ್ ಮಂಡಳಿ ಇದೆ, ದ್ರಾಕ್ಷಾರಸ ಉತ್ಸವಗಳೂ ಇವೆ. ಆದರೆ ನಮ್ಮ ಗಲ್ಲಿಯ ‘ವೈನ್ಸ್’ ಅಂಗಡಿಗೆ ಹೋಗಿ ವೈನ್ ಕೇಳಿ ನೋಡಿ. ಅಂಗಡಿಯವನು ನಿಮ್ಮನ್ನೊಮ್ಮೆ ಕನಿಕರದಿಂದ ನೋಡಿ, "ಆರಾಮ ಇಲ್ಲೇನ್ರಿ?" ಎನ್ನುತ್ತಾನೆ.

ಖಾನಾಪುರದ ಮಟ್ಟಿಗೆ ವೈನ್ ನಾಡು ಎಂದರೆ ಜಾಂಬೋಟಿ, ಚೋರ್ಲಾ ದಾಟಿ ಇಳಿದರೆ ಸಿಗುವ ಗೋವಾ. ಹೋಗುವಾಗ ಕಾರು ಹಗುರ, ಬರುವಾಗ ಕಣಕುಂಬಿ ಚೆಕ್‌ಪೋಸ್ಟಿನ ಅಬಕಾರಿ ಸಿಬ್ಬಂದಿ ಡಿಕ್ಕಿ ತೆಗೆಸುತ್ತಾರೆ. ಅಗ್ಗದ ಬಾಟಲಿ ಅಲ್ಲಿಗೆ ಎಷ್ಟು ತುಟ್ಟಿಯಾಗುತ್ತದೆ ಎಂಬುದು ಹಾಳೆಯಲ್ಲಿ ಬರೆಯುವ ಲೆಕ್ಕವಲ್ಲ. ಅಂದಹಾಗೆ, ಇದೇ ಗಡಿಯಲ್ಲಿ ಮಹದಾಯಿ ನೀರಿನ ಪಾಲಿಗೆ ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟಿತು, 13.42 ಟಿಎಂಸಿ ನಮಗೆ. ಆ ನೀರು ಇನ್ನೂ ನಮ್ಮ ಕಡೆ ಹರಿದಿಲ್ಲ. ಆ ಕಡೆಯಿಂದ ಹೊಳೆಯಂತೆ ಹರಿಯುವುದಕ್ಕೆ ಮಾತ್ರ ಯಾವ ನ್ಯಾಯಮಂಡಳಿಯೂ ಬೇಕಾಗಿಲ್ಲ.

ಕೊನೆಯ ದಿನ ಭೀಮಗಡದ ಅಂಚಿನಲ್ಲಿ ಟೆಂಟು, ತಲೆಗೆ ರಾತ್ರಿಗೆ 2,500. ಸೌಲಭ್ಯಗಳು ಹೀಗಿವೆ: ನೆಟ್‌ವರ್ಕ್ ಇಲ್ಲ, ಟಿವಿ ಇಲ್ಲ, ಕಂದೀಲಿನ ಬೆಳಕು, ಕಚ್ಚಾ ರಸ್ತೆಯಲ್ಲಿ ಜೀಪು ಸವಾರಿ, ಮಣ್ಣಿನ ಗಡಿಗೆಯ ನೀರು. ಓದುತ್ತ ಓದುತ್ತ ಇದನ್ನು ಎಲ್ಲೋ ಕಂಡಿದ್ದೇನಲ್ಲ ಎನ್ನಿಸಿತು. ಕಂಡದ್ದು ಹೌದು. ಕಾಡಿನೊಳಗಿನ ಹಳ್ಳಿಗಳವರು ವರ್ಷ ವರ್ಷ ತಹಶೀಲ್ದಾರರಿಗೆ ಕೊಡುವ ಮನವಿಯಲ್ಲಿ ಇರುವುದೂ ಇದೇ ಪಟ್ಟಿ. ಅವರು ‘ಸಮಸ್ಯೆಗಳು’ ಎಂದು ಬರೆಯುತ್ತಾರೆ, ಅಷ್ಟೇ ವ್ಯತ್ಯಾಸ. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ಬೇನೆ ಬಿದ್ದವರನ್ನು ಕಟ್ಟಿಗೆಯ ಚಟ್ಟದ ಮೇಲೆ ಮಲಗಿಸಿ, ನಾಲ್ಕು ಹೆಗಲ ಮೇಲೆ ಹೊತ್ತು, ಕೆಸರಿನಲ್ಲಿ ಕಿಲೋಮೀಟರುಗಟ್ಟಲೆ ನಡೆದು ಆಂಬುಲೆನ್ಸ್ ಇರುವಲ್ಲಿಗೆ ತಲುಪಿಸಬೇಕು. ಬೆಂಗಳೂರಿನ ಭಾಷೆಯಲ್ಲಿ ಇದಕ್ಕೆ ಮಾನ್ಸೂನ್ ಟ್ರೆಕ್ ಎನ್ನುತ್ತಾರೆ. ಗೈಡಿಗೆ ಬೇರೆ ದುಡ್ಡು.

ಭೀಮಗಡ 2011ರಿಂದ ವನ್ಯಧಾಮ. ಬಾರಾಪೇಡೆ ಗುಹೆಯ ಅಪರೂಪದ ಬಾವಲಿಗಳಿಗೆ ಅದು ಬೇಕೇ ಬೇಕು, ತಕರಾರಿಲ್ಲ. ಕರಡಿಗೂ ನೆಮ್ಮದಿ ಬೇಕು. ಹಾಗಾಗಿ ಹಳ್ಳಿಗೆ ಸೇತುವೆ ಕೇಳಿದರೆ ಕಾನೂನು ಅಡ್ಡ ಬರುತ್ತದೆ. ಊರು ಬಿಟ್ಟು ಹೊರಡುತ್ತೇವೆಂದರೆ ಕಾನೂನೇ ಚೆಕ್ ಹಿಡಿದು ಬರುತ್ತದೆ: ಆ ಕಾಡಿನೊಳಗಿನ ತಳೇವಾಡಿಯವರಿಗೆ ಕುಟುಂಬಕ್ಕೆ 15 ಲಕ್ಷ. ಅವರು ಹೊರಗೆ ಬಂದಷ್ಟು ನಮ್ಮವರು ಒಳಗೆ ಹೋಗಲು ಜೀಪು ತಯಾರು.

ಅಳಿಯನ ಹಾಳೆಯ ದರದಲ್ಲೇ ಲೆಕ್ಕ ಹಾಕಿ ನೋಡಿದೆ. ಐದು ಜನರ ಕುಟುಂಬಕ್ಕೆ ರಾತ್ರಿಗೆ 12,500. ಆ 15 ಲಕ್ಷದಲ್ಲಿ ತಳೇವಾಡಿಯ ಒಂದು ಮನೆಯವರು ತಮ್ಮದೇ ಕಾಡಿನ ಅಂಚಿನಲ್ಲಿ 120 ರಾತ್ರಿ ಟೆಂಟಿನಲ್ಲಿ ಕಳೆಯಬಹುದು. ಬೆಳಗಿನ ಉಪ್ಪಿಟ್ಟು, ಚಹಾ ಅದರಲ್ಲೇ ಬಂತು. ಜಿಎಸ್‌ಟಿ ಬೇರೆ.