ನಾಲ್ಕೂವರೆ ಅಡಿ ಮರ್ಯಾದೆ: ಒಂದು ಮೀಮಾಂಸೆ

ಅಂತರ್ಜಾಲ ಸಮಾಜವನ್ನು ಕೆಡಿಸಿತೋ ಉದ್ಧರಿಸಿತೋ ಎಂದು ವಿದ್ವಾಂಸರು ವೃಥಾ ಕಚ್ಚಾಡುತ್ತಿದ್ದಾರೆ. ಟೇಪು ಹಿಡಿದು ಅಳೆದರೆ ಮುಗಿಯಿತು. ಇದಕ್ಕೆ ಪ್ರಮಾಣಗ್ರಂಥ, ಕೇಂದ್ರ ಸರ್ಕಾರದ 2011ರ ಸೈಬರ್ ಕೆಫೆ ನಿಯಮಗಳು. ಕೆಫೆಯ ಕ್ಯಾಬಿನ್ನುಗಳ ಅಡ್ಡಗೋಡೆ ನೆಲದಿಂದ ನಾಲ್ಕೂವರೆ ಅಡಿ ಮೀರಕೂಡದು ಎಂದು ಅಲ್ಲಿ ವಿಧಿಸಿದೆ. ನಾಲ್ಕಲ್ಲ, ಐದೂ ಅಲ್ಲ. ಈ ಅರ್ಧ ಅಡಿಯ ಮರ್ಮವನ್ನು ಬಿಡಿಸುವ ಭಾರ ನಮ್ಮ ಹೆಗಲಿಗೇ ಬಿದ್ದಿದೆ. ಕುರ್ಚಿಯಲ್ಲಿ ಕೂತವನ ತಲೆ ಗೋಡೆಯ ಮರೆಗೆ ಸರಿಯುತ್ತದೆ. ಎದ್ದು ನಿಂತ ಮಾಲೀಕನಿಗೆ ಮಾತ್ರ ಸಕಲವೂ ಗೋಚರ. ಅಂದರೆ ಮಾನ ಉಳಿಯಬೇಕು, ಗುಟ್ಟು ಉಳಿಯಬಾರದು. ಇಷ್ಟು ಸೂಕ್ಷ್ಮವಾದ ತೂಕ ಧರ್ಮಶಾಸ್ತ್ರಗಳಲ್ಲೂ ಅಪರೂಪ.

ಪೂರ್ವೇತಿಹಾಸ ಚುಟುಕಾಗಿ: 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್ನೆಟ್ಟನ್ನು ಜನಸಾಮಾನ್ಯರಿಗೆ ತೆರೆಯಿತು. ಮರುವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಅದು ಕಾಫಿಯ ಜೊತೆ ಸಿಗತೊಡಗಿತು. ಆ ಯುಗದಲ್ಲಿ ಕೆಫೆ ಹೊಕ್ಕು ಬಂದವರಿಗೆ ಶಿಷ್ಟಸಮ್ಮತವಾದ ಉತ್ತರ ಒಂದೇ ಇತ್ತು: ‘ರಿಸಲ್ಟ್ ನೋಡೋಕೆ ಹೋಗಿದ್ದೆ.’ ಪಿಯುಸಿ ರಿಸಲ್ಟು ಬೇಸಿಗೆಯಲ್ಲೇ ಬಂದು ಮುಗಿದಿದ್ದರೂ ಹುಡುಗರು ಅದನ್ನು ದೀಪಾವಳಿಯವರೆಗೂ ನೋಡುತ್ತಿದ್ದರು.

ಇಲ್ಲೊಂದು ಪೂರ್ವಪಕ್ಷ: ಕೆಫೆಗಳೆಲ್ಲ ಜೆರಾಕ್ಸ್ ಅಂಗಡಿಗಳಾದ ಮೇಲೆ ಈ ನಿಯಮ ಯಾರಿಗೆ? ಎಲ್ಲರಿಗೂ, ಎಂಬುದು ನಮ್ಮ ಸಿದ್ಧಾಂತ. ಕ್ಯಾಬಿನ್ನಿನ ಹೊರಗಿರುವ ಕಂಪ್ಯೂಟರುಗಳ ಪರದೆ ಎಲ್ಲರಿಗೂ ಕಾಣುವಂತೆ ಇರತಕ್ಕದ್ದು ಎಂದಿತು ಸರ್ಕಾರ. ನಾಮಕರಣ, ಗೃಹಪ್ರವೇಶ, ಹೋಟೆಲಿನ ಮಸಾಲೆದೋಸೆ, ಆಸ್ಪತ್ರೆಯ ಡ್ರಿಪ್ಪು, ಎಲ್ಲವನ್ನೂ ಸ್ಟೇಟಸ್ಸಿಗೆ ಹಾಕಿ ಜನ ತಾವಾಗಿಯೇ ಪರದೆಯನ್ನು ಬೀದಿಗೆ ತಿರುಗಿಸಿಕೊಂಡರು. ಬಂದುಹೋದವರ ದಾಖಲೆಯನ್ನು ಕನಿಷ್ಠ ಒಂದು ವರ್ಷ ಕಾಪಿಡಬೇಕೆಂದಿತು. ‘ನಿನ್ನೆ ರಾತ್ರಿ ಒಂದೂವರೆಗೆ ಆನ್‌ಲೈನ್ ಇದ್ದೆಯಲ್ಲಪ್ಪ’ ಎನ್ನುವ ಚಿಕ್ಕಮ್ಮನ ರಿಜಿಸ್ಟರಿಗೆ ಅಂಥ ಗಡುವೂ ಇಲ್ಲ. 2014ರ ನವೆಂಬರಿನಲ್ಲಿ ವಾಟ್ಸ್‌ಆಪ್‌ಗೆ ನೀಲಿ ಟಿಕ್ ಬಂದಮೇಲಂತೂ ಓದಿಲ್ಲವೆಂದು ಸುಳ್ಳು ಹೇಳುವ ಪುರಾತನ ಹಕ್ಕೂ ರದ್ದಾಯಿತು.

ಅತ್ಯಂತ ಗಹನವಾದ ಪ್ರಕರಣ ದೊಡ್ಡಪ್ಪನದು. ಕೆಫೆಗೆ ಹೋದ ಮಗನಿಗೆ ಬೆಲ್ಟು ಬಿಚ್ಚಿದವರು ಇವರೇ. ಮುಂಜಾನೆ ಐದಕ್ಕೆ ಗುಲಾಬಿ ಹೂವಿನ ಶುಭೋದಯ ಕಳಿಸಿ, ಏಳರೊಳಗೆ ಉತ್ತರ ಬಾರದಿದ್ದರೆ ಫೋನು ಮಾಡಿ ಆರೋಗ್ಯ ವಿಚಾರಿಸುವವರೂ ಇವರೇ. ಗಾಳಿಸುದ್ದಿ ನಂಬಿ ಜನ ಅಮಾಯಕರನ್ನು ಹೊಡೆದು ಕೊಂದ 2018ರಲ್ಲಿ, ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಮಾಡಬಹುದೆಂದು ವಾಟ್ಸ್‌ಆಪ್ ಭಾರತದಲ್ಲಿ ಮಿತಿ ಹಾಕಿತು. (ಅಣಕಕ್ಕೂ ಒಂದು ಮಿತಿಯಿದೆ, ಆ ಸಾವುಗಳ ಬಗ್ಗೆ ಇಲ್ಲಿ ಚೇಷ್ಟೆ ಮಾಡಲಾರೆವು.) ದೊಡ್ಡಪ್ಪ ಕಾನೂನಿಗೆ ತಲೆಬಾಗಿ, ಐದೈದರಂತೆ ಕಂತಿನಲ್ಲಿ ಕಳಿಸಿದರು.

ಮಾನದ ವಾಸಸ್ಥಾನವೇ ಬದಲಾಗಿದೆಯೆಂದು ಇದರಿಂದ ಸಿದ್ಧವಾಗುತ್ತದೆ. ಅಂದು ಯಾರಾದರೂ ನೋಡಿಬಿಟ್ಟರೆ ಎಂದು ಹೆದರುತ್ತಿದ್ದವರು ಇಂದು ಯಾರೂ ನೋಡದಿದ್ದರೆ ಎಂದು ಹೆದರುತ್ತಾರೆ. ಅಡ್ಡಗೋಡೆಯ ಎತ್ತರ ಈಗ ಸೊನ್ನೆ ಅಡಿ, ಸೊನ್ನೆ ಅಂಗುಲ.

ಬಿಡುಗಡೆ ಇಲ್ಲವೇ ಎಂದರೆ, ಇದೆ. 2022ರಿಂದ ಗ್ರೂಪನ್ನು ಸದ್ದಿಲ್ಲದೆ ತೊರೆಯಬಹುದು. ಸೂಚನೆ ಹೋಗುವುದು ಅಡ್ಮಿನ್‌ಗೆ ಮಾತ್ರ. ನಮ್ಮ ಕುಟುಂಬದ ಗ್ರೂಪಿಗೆ ಅಡ್ಮಿನ್ ಸೋದರತ್ತೆ. ಆದಕಾರಣ ‘ಸದ್ದಿಲ್ಲದೆ’ ಎಂಬುದರ ವ್ಯಾಪ್ತಿಯನ್ನು ಪ್ರತ್ಯೇಕ ಸಂಪುಟದಲ್ಲಿ ಚರ್ಚಿಸಲಾಗುವುದು.