ಕೈಗೆ ಬಂದ ತುತ್ತಿನ ಸಂಧಿ ಪ್ರಕರಣ

ಬಾಸ್ಕೆಟ್‌ಬಾಲಿನ ಲೇಅಪ್‌ಗೆ, ಎಂದರೆ ಓಡಿ ಬಂದು ರಿಂಗಿನ ಹತ್ತಿರದಿಂದಲೇ ಚೆಂಡು ಹಾಕುವುದಕ್ಕೆ, ಕನ್ನಡದಲ್ಲಿ ಪಾರಿಭಾಷಿಕ ಪದವಿಲ್ಲ. ಲೇಅಪ್ ತಪ್ಪುವುದಕ್ಕೆ ಮಾತ್ರ ಗಾದೆಯೇ ಇದೆ: ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತಡಿ ಎತ್ತರಕ್ಕೆ ಮೊಳೆ ಹೊಡೆದು ಈ ಆಟ ಹುಟ್ಟಿಸಿದರು. ನಮ್ಮ ಹಿರಿಯರು ಆಟಕ್ಕಿಂತ ಮೊದಲೇ ಅದರ ಮುಖ್ಯ ದೋಷವನ್ನು ಗುರುತಿಸಿ ಇಟ್ಟಿದ್ದರು. ಅಂದಿನ ಆ ಮೊದಲ ಪಂದ್ಯದಲ್ಲಿ ಒಟ್ಟು ಬಿದ್ದದ್ದು ಒಂದೇ ಗೋಲು. ಹಾಗಾಗಿ ಬುಟ್ಟಿಗೆ ಬೀಳದಿರುವುದೇ ಈ ಆಟದ ಮೂಲಧರ್ಮ ಎಂದೂ ವಾದಿಸಬಹುದು. ನಾನು ಅಷ್ಟು ದೂರ ಹೋಗುವವನಲ್ಲ.

ನಾನು ಕನ್ನಡ ಮೇಷ್ಟ್ರು. ದೈಹಿಕ ಶಿಕ್ಷಣದ ಮೇಷ್ಟ್ರಿಗೆ ಚುನಾವಣೆ ಡ್ಯೂಟಿ ಬಿದ್ದ ವರ್ಷ, ದಾವಣಗೆರೆ ವಿಶ್ವವಿದ್ಯಾಲಯದ ಅಂತರಕಾಲೇಜು ಪಂದ್ಯಕ್ಕೆ ನಮ್ಮ ಹುಡುಗರನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ತಲೆಗೆ ಬಂತು. ಅರ್ಧ ಟೀಮು ಚಳ್ಳಕೆರೆ ಕಡೆಯದು, ಅರ್ಧ ಮೊಳಕಾಲ್ಮೂರು ಕಡೆಯದು. ಕಾಲೇಜಿನ ಹೆಸರು ಬೇಡ, ಮುಂದೆಯೂ ಹುಡುಗರು ಸೇರಬೇಕಲ್ಲ. ಎದುರಾಳಿಗಳಿಂದ ಚೆಂಡು ಕಸಿದು, ಇಡೀ ಅಂಗಳ ದಾಟಿ, ರಿಂಗಿನ ಕೆಳಗೆ ಒಬ್ಬನೇ ನಿಂತ ಹುಡುಗ ಎರಡು ಮೊಳ ದೂರದಿಂದ ತಪ್ಪಿಸುತ್ತಿದ್ದ. ಒಂದು ಸಲವಲ್ಲ, ಸಾಲುಸಾಲಾಗಿ. ಆಟದ ಶಾಸ್ತ್ರ ನನಗೆ ಗೊತ್ತಿರಲಿಲ್ಲವಾದ್ದರಿಂದ ಗೊತ್ತಿದ್ದ ಶಾಸ್ತ್ರವನ್ನು ಹಚ್ಚಿ ನೋಡಿದೆ. ನೋಟ್‌ಬುಕ್ಕಿನಲ್ಲಿ ಎರಡು ಪುಟ ತುಂಬುವ ಹೊತ್ತಿಗೆ ಹೊಳೆಯಿತು: ಚೆಂಡು ಪೂರ್ವಪದ, ರಿಂಗು ಉತ್ತರಪದ, ಎರಡೂ ಕಾಲವಿಳಂಬವಿಲ್ಲದೆ ಸೇರಿದರೆ ಸಂಧಿ. ಹೈಸ್ಕೂಲಿನಲ್ಲಿ ನಾವೆಲ್ಲ ಉರು ಹೊಡೆದ ಲೋಪ, ಆಗಮ, ಆದೇಶಗಳ ಬುಟ್ಟಿಯಲ್ಲಿ ಈ ತಪ್ಪುಗಳೆಲ್ಲ ಬಂದು ಬೀಳುತ್ತವೆ. ಚೆಂಡು ಬೀಳದಿದ್ದರೂ ಅವು ಬೀಳುತ್ತವೆ. ಸವರ್ಣದೀರ್ಘ, ಗುಣ, ವೃದ್ಧಿ, ಯಣ್ ಮುಂತಾದ ಸಂಸ್ಕೃತ ಸಂಧಿಗಳನ್ನು, ನೆಗೆದು ಕೈಯಿಂದಲೇ ಚೆಂಡನ್ನು ರಿಂಗಿಗೆ ತುರುಕಬಲ್ಲ ಬೆಂಗಳೂರಿನ ಆರಡಿ ಆಳುಗಳಿಗೆ ಬಿಟ್ಟಿದ್ದೇನೆ.

ಮೊದಲು ಪೂರ್ವಪಕ್ಷ. ಚಳ್ಳಕೆರೆ ಎಣ್ಣೆಯ ಊರು, ಶೇಂಗಾ ಮಿಲ್ಲುಗಳ ಊರು. ಆದ್ದರಿಂದ ಹುಡುಗರ ಕೈ ಜಾರುತ್ತದೆ ಎಂಬುದು ಸ್ಟಾಫ್ ರೂಮಿನ ಒಂದು ವಾದ. ಮಿಲ್ಲಿನ ಮಾಲೀಕರ ಕೈಯಿಂದ ಈವರೆಗೆ ಏನೂ ಜಾರಿದ್ದು ಕಂಡಿಲ್ಲವಾದ್ದರಿಂದ ಇದು ಬಿದ್ದುಹೋಗುತ್ತದೆ. ಆಷಾಢದ ಗಾಳಿ ಎಂಬುದು ಇನ್ನೊಂದು. ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಜಿಲ್ಲೆಯಲ್ಲಿ ಅದನ್ನು ಅಲ್ಲಗಳೆಯುವುದು ಕಷ್ಟವೇ; ಆದರೆ ಆ ಗಾಳಿ ದೂರದ ಶಾಟನ್ನು ಒಯ್ಯಬಹುದು, ಮೂಗಿನ ನೇರಕ್ಕಿರುವ ರಿಂಗನ್ನಲ್ಲ. ರಿಂಗೇ ವಾರೆ ಎಂದವರಿಗೆ ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆಯನ್ನು ನೆನಪಿಸಿದ್ದಾಗಿದೆ.

ಊರ ಹೆಸರುಗಳಲ್ಲೇ ದೋಷ ಇರಬಹುದೇ ಎಂದು ನಾನೂ ಒಂದು ಗಳಿಗೆ ಯೋಚಿಸಿದೆ. ಚಳ್ಳೆಹಣ್ಣು ತಿನ್ನಿಸುವುದು ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಚಳ್ಳಕೆರೆಯ ಹುಡುಗರಿಗೆ ರಿಂಗು ತಿನ್ನಿಸುತ್ತಿದ್ದದ್ದು ಅದನ್ನೇ. ಬಂಡೆ ಜಾರಿ ಮೊಳಕಾಲು ಮುರಿಯುವ ಜಾಗವಾದ್ದರಿಂದ ಮೊಳಕಾಲ್ಮೂರು ಎಂಬ ಹೆಸರು ಬಂತೆಂದು ಜನ ಹೇಳುವುದುಂಟು. ನನ್ನ ಪಾಠಾಂತರ ಬೇರೆ: ಮೊಳಕಾಲು, ಮೂರು. ಲೇಅಪ್ ಎತ್ತುವುದು ಮೊಳಕಾಲಿನಿಂದ, ಕೆಡುವುದು ಮೂರನೇ ಹೆಜ್ಜೆಯಿಂದ. ಭಾಷಾಶಾಸ್ತ್ರಜ್ಞರು ಮನ್ನಿಸಬೇಕು, ಕೋಚುಗಳು ಒಪ್ಪಬೇಕು.

ಇನ್ನು ಲೋಪ. ಇರಬೇಕಾದದ್ದು ಬಿಟ್ಟುಹೋಗುವುದು ಲೋಪ. ವ್ಯಾಕರಣದಲ್ಲಿ ಲೋಪವಾದರೆ ಸಂಧಿಯಾಗುತ್ತದೆ, ಊರು ಮತ್ತು ಊರು ಸೇರಿ ಊರೂರಾಗುತ್ತದೆ. ಬಾಸ್ಕೆಟ್‌ಬಾಲಿನಲ್ಲಿ ಲೋಪವಾದರೆ ಸಂಧಿಯೇ ಲೋಪ. ಇದರ ರಾಜ ಕಣ್ಣಿನ ಲೋಪ. ರಿಂಗಿನ ಹತ್ತಿರ ಬಂದಾಗ ಎದುರಾಳಿಯ ಮೊಣಕೈ, ಉಸಿರು, ಶೂವಿನ ಕಿರುಚು ಎಲ್ಲವೂ ಹತ್ತಿರ ಬರುತ್ತವೆ. ಪೆಟ್ಟು ಬಿದ್ದೀತೆಂದು ಹುಡುಗ ಆ ಕ್ಷಣ ಕಣ್ಣು ಮುಚ್ಚುತ್ತಾನೆ, ಅಥವಾ ರಿಂಗು ಬಿಟ್ಟು ತಡೆಯುವವನ ಕೈಯನ್ನೇ ನೋಡುತ್ತಾನೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಮಾತಿಗೆ ಎಣ್ಣೆಯ ಊರಿನಲ್ಲೇ ಇಷ್ಟು ಸ್ವಚ್ಛವಾದ ಉದಾಹರಣೆ ಸಿಗುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಎರಡನೆಯದು ಬೋರ್ಡಿನ ಲೋಪ. ರಿಂಗಿನ ಹಿಂದೆ ಹಲಗೆಯ ಮೇಲೆ 59 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ಒಂದು ಚೌಕಟ್ಟು ಬರೆದಿರುತ್ತಾರೆ. ಪಕ್ಕದಿಂದ ಬರುವವನು ಅದರ ಹತ್ತಿರದ ಮೇಲಿನ ಮೂಲೆಗೆ ಚೆಂಡನ್ನು ಮೆತ್ತಗೆ ತಾಗಿಸಿದರೆ ಮಿಕ್ಕ ಕೆಲಸ ಹಲಗೆಯದು. ಇಷ್ಟು ಬರೆದು ತೋರಿಸಿದ ಮೇಲೂ ಹುಡುಗರು ಅದನ್ನು ನೋಟೀಸ್ ಬೋರ್ಡಿನಂತೆ ಕಾಣುತ್ತಾರೆ, ಅಂದರೆ ಕಾಣುವುದಿಲ್ಲ. ನೇರವಾಗಿ ರಿಂಗಿಗೇ ಹೊಡೆಯುತ್ತಾರೆ, ಅದೂ ಚಪ್ಪಟೆಯಾಗಿ. ಇಲ್ಲಿ ಸ್ವಲ್ಪ ಗಣಿತವಿದೆ. ರಿಂಗಿನ ಬಾಯಿ 45 ಸೆಂ.ಮೀ., ಚೆಂಡು ಸುಮಾರು 24. ಮೇಲಿನಿಂದ ನೋಡಿದರೆ ಎರಡು ಚೆಂಡು ಅಕ್ಕಪಕ್ಕ ಕೂರಲು ಮೂರೇ ಸೆಂಟಿಮೀಟರ್ ಕೊರತೆ, ಅಷ್ಟು ದೊಡ್ಡ ಬಾಯಿ. ಆದರೆ ನೆಲಮಟ್ಟಕ್ಕೆ 30 ಡಿಗ್ರಿ ಓರೆಯಲ್ಲಿ ಬರುವ ಚೆಂಡಿಗೆ ಅದೇ ಬಾಯಿ ಇಪ್ಪತ್ತೆರಡೂವರೆ ಸೆಂ.ಮೀ.ಗೆ ಕಿರಿದಾಗಿ ಕಾಣುತ್ತದೆ. ತುತ್ತಿಗಿಂತ ಬಾಯಿ ಚಿಕ್ಕದು. ಅಂಥ ಚೆಂಡು ಅಂಚಿಗೆ ತಾಗದೆ ಒಳಗೆ ಹೋಗುವುದು ಸಾಧ್ಯವೇ ಇಲ್ಲ. ಹತ್ತಿರದಲ್ಲಿ ನಿಂತವನೂ ಮೇಲಕ್ಕೆ ಎತ್ತಿಯೇ ಇಳಿಸಬೇಕು. ದೂರದಿಂದ ಎಸೆಯುವವನಿಗೆ ಚೆಂಡನ್ನು ಎತ್ತರಕ್ಕೆ ಬಿಡುವುದು ಅನಿವಾರ್ಯವಾದ್ದರಿಂದ ಅವನು ಎತ್ತುತ್ತಾನೆ. ಹತ್ತಿರದವನಿಗೆ ಎತ್ತುವುದೇಕೆ ಎನ್ನಿಸುತ್ತದೆ.

ಮೂರನೆಯದು ಮೊಳಕಾಲಿನ ಲೋಪ. ಬಲಗೈಯವನು ಬಲಗಾಲು, ಎಡಗಾಲು ಎಂದು ಎರಡು ಹೆಜ್ಜೆ ಇಟ್ಟು, ಎಡಗಾಲಿನಿಂದ ನೆಗೆಯುತ್ತಾ ಬಲ ಮೊಳಕಾಲನ್ನು ಮೇಲಕ್ಕೆತ್ತಬೇಕು. ಆ ಮೊಳಕಾಲೇ ಓಟವನ್ನು ನೆಗೆತಕ್ಕೆ ತಿರುಗಿಸುವ ಕೀಲು. ಅದನ್ನು ಎತ್ತದವನು ಮೇಲೆ ಹೋಗುವುದಿಲ್ಲ, ಮುಂದೆ ಹೋಗುತ್ತಾನೆ. ಒಬ್ಬ ಹಾಗೆಯೇ ಹೋಗಿ ಸ್ಕೋರರ್ ಟೇಬಲ್ಲಿನ ಮೇಲಿದ್ದ ನೀರಿನ ಕ್ಯಾನು ಉರುಳಿಸಿದ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಕೈಮಗ್ಗದ ಮುಂದೆ ಕೂತವರನ್ನು ನೋಡಿ: ಕಾಲು ತುಳಿಯುವುದಕ್ಕೂ, ಲಾಳಿ ಹಾಯುವುದಕ್ಕೂ, ಕೈ ಬಡಿಯುವುದಕ್ಕೂ ಒಂದೇ ತಾಳ. ಆ ತಾಳದ ಮನೆಯಿಂದ ಬಂದ ಹುಡುಗನೊಬ್ಬ ನಮ್ಮ ಟೀಮಿನಲ್ಲಿದ್ದ. ಮನೆಯಲ್ಲಿ ಮಗ್ಗದ ಮೇಲೆ ಕೂತರೆ ಎಳೆ ತಪ್ಪದವನಿಗೆ ಅಂಗಳದಲ್ಲಿ ಬಲಗಾಲು ಯಾವುದು, ಎಡಗಾಲು ಯಾವುದು ಎಂಬುದೇ ಜಿಜ್ಞಾಸೆಯಾಗುತ್ತಿತ್ತು.

ಆಗಮ ಎಂದರೆ ನಡುವೆ ಹೊಸದೊಂದು ಬಂದು ಸೇರಿಕೊಳ್ಳುವುದು. ಮನೆಯನ್ನು ಎನ್ನುವಾಗ ಯಕಾರ ಬರುತ್ತದಲ್ಲ, ಹಾಗೆ. ಹೆಜ್ಜೆಯ ಆಗಮವನ್ನು ರೆಫರಿ ಸೀಟಿ ಊದಿ ತೋರಿಸಿಕೊಡುವುದರಿಂದ ನನ್ನ ವ್ಯಾಖ್ಯಾನ ಬೇಕಿಲ್ಲ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ 2017ರಲ್ಲಿ, ಓಡುತ್ತಾ ಚೆಂಡನ್ನು ಕೈಗೆ ತೆಗೆದುಕೊಳ್ಳುವಾಗ ನೆಲದಲ್ಲಿದ್ದ ಕಾಲನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ನಿಯಮ ಸಡಿಲಿಸಿತು. ಅದನ್ನು ಸೊನ್ನೆ ಹೆಜ್ಜೆ ಅನ್ನುತ್ತಾರೆ. ಸೊನ್ನೆ ಕೊಟ್ಟ ದೇಶದ ಹುಡುಗರಿಗೆ ಅದು ಇನ್ನೂ ಕಾಲಿಗೆ ಹತ್ತಿಲ್ಲ.

ಆದರೆ ವೇಗದ ಆಗಮ ಗಂಭೀರವಾದದ್ದು. ಸೆಕೆಂಡಿಗೆ 5 ಮೀಟರ್ ಓಡುವವನ ಕೈಯಲ್ಲಿರುವ ಚೆಂಡೂ ಸೆಕೆಂಡಿಗೆ 5 ಮೀಟರ್ ಓಡುತ್ತಿರುತ್ತದೆ. ಅವನು ನೇರ ಮೇಲಕ್ಕೆ ಬಿಟ್ಟೆ ಎಂದುಕೊಂಡರೂ, ಅರ್ಧ ಸೆಕೆಂಡು ಗಾಳಿಯಲ್ಲಿದ್ದರೆ ಅದು ಎರಡೂವರೆ ಮೀಟರ್ ಮುಂದೆ ಹೋಗಿರುತ್ತದೆ. ನಿಂತು ಹಾಕುವವನು ಚೆಂಡಿಗೆ ಬಲ ಕೊಡಬೇಕು. ಓಡಿ ಬಂದವನು ಇದ್ದ ಬಲವನ್ನು ಕಳೆಯಬೇಕು. ಕಳೆಯುವುದು ಕೊಡುವುದಕ್ಕಿಂತ ಕಷ್ಟ ಎಂಬುದಕ್ಕೆ ನೆರೆಹೊರೆಯಲ್ಲೇ ಸಾಕ್ಷಿಯಿದೆ. 2024ರ ಜೂನ್ 23ರಂದು ಚಳ್ಳಕೆರೆ ಬಳಿಯ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋದವರು ಪುಷ್ಪಕ್ ಎಂಬ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ರನ್‌ವೇಯ ನೇರಕ್ಕಲ್ಲ, ಬೇಕೆಂದೇ 500 ಮೀಟರ್ ಪಕ್ಕಕ್ಕೆ. ಅದು ತಾನೇ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬಂದು ರನ್‌ವೇಯ ನಟ್ಟನಡುವೆ ಇಳಿಯಿತು. ಇಳಿದ ಮೇಲೆ ಬೆನ್ನಿಗೊಂದು ಪ್ಯಾರಾಶೂಟ್ ಬಿಚ್ಚಿ ವೇಗವನ್ನು ನೂರಕ್ಕೆ ತಂದುಕೊಂಡಿತು. ನಾಲ್ಕೂವರೆ ಕಿಲೋಮೀಟರಿನಿಂದ ಗೆರೆ ತಪ್ಪದ್ದು ಒಂದು, ಎರಡು ಮೊಳದಿಂದ ಬುಟ್ಟಿ ತಪ್ಪುವುದು ಇನ್ನೊಂದು, ಎರಡೂ ಒಂದೇ ತಾಲ್ಲೂಕಿನವು. ಅವರಿಗೆ ಪ್ಯಾರಾಶೂಟ್ ಇದೆ ಸಾರ್, ಎಂದ ನಮ್ಮ ಕ್ಯಾಪ್ಟನ್. ನಿನಗೆ ಮಣಿಕಟ್ಟು ಇದೆಯಲ್ಲಪ್ಪಾ, ಎಂದೆ. ಮಣಿಕಟ್ಟು ಮೆತ್ತಗಾದರೆ ಅದೇ ಪ್ಯಾರಾಶೂಟು.

ಆದೇಶ, ಒಂದರ ಜಾಗಕ್ಕೆ ಇನ್ನೊಂದು ಬರುವುದು. ಮಳೆಕಾಲ ಮಳೆಗಾಲವಾದಂತೆ ಇಲ್ಲಿ ಎಡಗೈ ಬಲಗೈಯಾಗುತ್ತದೆ. ರಿಂಗಿನ ಎಡಪಕ್ಕದಿಂದ ಬಂದರೆ ಎಡಗೈಯಲ್ಲಿ ಹಾಕಬೇಕು, ಆಗ ಚೆಂಡಿಗೂ ತಡೆಯುವವನಿಗೂ ನಡುವೆ ನಮ್ಮ ಮೈ ಇರುತ್ತದೆ. ನಮ್ಮವರು ಎಡಕ್ಕೆ ಹೋದರೂ ಚೆಂಡನ್ನು ಮೈ ಅಡ್ಡ ಹಾಯಿಸಿ ಬಲಗೈಗೇ ತರುತ್ತಿದ್ದರು, ಊಟಕ್ಕೆ ಕೂತವರ ಹಾಗೆ. ಎಡಗೈಯಲ್ಲಿ ತುತ್ತು ಎತ್ತಬಾರದೆಂದು ಬೆಳೆಸಿದ್ದೇವಲ್ಲ, ಅವರನ್ನು ಅನ್ನುವಂತಿಲ್ಲ.

ಆದರೂ ಮೊಳಕಾಲ್ಮೂರು ತಾಲ್ಲೂಕಿನವರಿಗೆ ಈ ನೆಪ ಸಲ್ಲದು. 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಶಾಸನಗಳು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಇವೆ. ಅವನ್ನು ಬರೆದ ಲಿಪಿಕಾರನ ಹೆಸರು ಚಪಡ. ಇಡೀ ಶಾಸನವನ್ನು ಎಡದಿಂದ ಬಲಕ್ಕೆ ಹೋಗುವ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ಲಿಪಿಕಾರ ಎಂಬ ತನ್ನ ಬಿರುದನ್ನು ಮಾತ್ರ ಬಲದಿಂದ ಎಡಕ್ಕೆ ಹೋಗುವ ಖರೋಷ್ಠಿಯಲ್ಲಿ ಬರೆದ. ಎರಡೂ ಕಡೆಯಿಂದ ಬಂದು ಮುಗಿಸಬಲ್ಲೆ ಎಂದು ಈ ತಾಲ್ಲೂಕಿನ ಬಂಡೆಯ ಮೇಲೆ ತೋರಿಸಿಹೋದ ಮೊದಲಿಗ ಅವನು. ಎರಡು ಸಾವಿರದ ಇನ್ನೂರು ವರ್ಷಗಳ ಮೇಲಾಯಿತು. ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಪ್ರಯತ್ನ ಮಾಡಿದರೆ ಸ್ವರ್ಗ ಸಿಗುತ್ತದೆ ಎಂಬುದು ಆ ಶಾಸನದ ತಾತ್ಪರ್ಯ, ಅದನ್ನು ಐದೂವರೆ ಅಡಿಯ ನಮ್ಮ ಪಾಯಿಂಟ್ ಗಾರ್ಡಿಗೆ ಹೇಳಿದೆ. ಒಂದೇ ಮಾತನ್ನು ಮೂರು ಬಂಡೆಗಳಲ್ಲಿ ಕೊರೆಸಿದ ಅಶೋಕನಿಗೆ ಕೋಚಿಂಗ್ ಗೊತ್ತಿತ್ತು.

ನಮ್ಮಲ್ಲಿ ಅದೇ ಇಲ್ಲ. ಪ್ರಾಕ್ಟೀಸಿಗೆ ಬಂದ ಹುಡುಗರು ಮೊದಲು ಸಾಲಾಗಿ ನಿಂತು ಲೇಅಪ್ ಹಾಕುತ್ತಾರೆ, ಮೈ ಬಿಸಿ ಮಾಡಿಕೊಳ್ಳುವುದಕ್ಕೆ. ಅರ್ಧ ವೇಗ, ಬಲಪಕ್ಕ ಮಾತ್ರ, ಅಡ್ಡ ನಿಲ್ಲುವವರು ಯಾರೂ ಇಲ್ಲ. ಆಮೇಲೆ ಕತ್ತಲಾಗುವವರೆಗೆ ಮೂರು ಪಾಯಿಂಟಿನ ಗೆರೆಯ ಆಚೆಯಿಂದ ಎಸೆತ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿನಲ್ಲಿ ಜನರ ತಲೆಗಳ ಮೇಲಿಂದ ಕಲಶಕ್ಕೆ ಬಾಳೆಹಣ್ಣು ತೂರಿ ಬೆಳೆದವರು. ದೂರದ್ದಕ್ಕೆ ಭಕ್ತಿ, ಹತ್ತಿರದ್ದಕ್ಕೆ ಉದಾಸೀನ. ಲೇಅಪ್ಪಿಗೆ ಸುಲಭ ಎಂಬ ವಿಶೇಷಣವನ್ನು ಅಂಟಿಸಿದವರು ಗ್ಯಾಲರಿಯವರು. ನಿಯಮ ಪುಸ್ತಕ ತಿರುವಿ ನೋಡಿದೆ, ಅದರಲ್ಲಿ ಆ ಪದವಿಲ್ಲ. ಗೆರೆಯ ಒಳಗಿನಿಂದ ಆಡುತ್ತಾ ಎಲ್ಲಿಂದ ಹಾಕಿದರೂ ಎರಡೇ ಪಾಯಿಂಟು.

ಗ್ಯಾಲರಿಯೆಂದ ಮೇಲೆ ಪ್ರಕೃತಿಭಾವಕ್ಕೆ ಬರಲೇಬೇಕು. ಕಣ್ಣು ತೆರೆದಿದೆ, ಮೊಳಕಾಲು ಎದ್ದಿದೆ, ಹೆಜ್ಜೆ ಎರಡೇ, ಕೈ ಸರಿಯಾದದ್ದೇ, ಚೆಂಡು ಚೌಕದ ಮೂಲೆಗೇ ತಾಗಿದೆ. ಆದರೂ ರಿಂಗನ್ನು ಒಂದು ಸುತ್ತು ಸುತ್ತಿ, ನಮಸ್ಕಾರ ಹೇಳಿ, ಹೊರಗೆ ಬರುತ್ತದೆ. ಎರಡು ಪದ ಪಕ್ಕಪಕ್ಕ ಬಂದರೂ ಸೇರದೆ ಇದ್ದಹಾಗೆಯೇ ಉಳಿಯುವ ಸ್ಥಿತಿಗೆ ವೈಯಾಕರಣರು ಪ್ರಕೃತಿಭಾವ ಎಂದು ಹೆಸರಿಟ್ಟು, ಕಾರಣವನ್ನೂ ಕೊಟ್ಟಿದ್ದಾರೆ: ಪ್ಲುತ. ದೂರದವರನ್ನು ಕೂಗುವಾಗ ಸ್ವರ ಮೂರು ಮಾತ್ರೆಗೆ ಎಳೆಯುತ್ತದಲ್ಲ, ಅಂಥ ಸ್ವರದ ಮುಂದೆ ಸಂಧಿಯಾಗುವುದಿಲ್ಲ. ಅಣ್ಣಾ, ಓಡಿ ಬಾ ಎಂದು ಕೂಗಿದರೆ ಅಣ್ಣನೂ ಓಟವೂ ಬೇರೆ ಬೇರೆಯೇ.

ನಾನು ಗಮನವಿಟ್ಟು ಕೇಳಿದೆ. ಹುಡುಗ ಒಬ್ಬನೇ ರಿಂಗಿನತ್ತ ಓಡುವಾಗ ಚಳ್ಳಕೆರೆಯವರು ಹಾಕೋಓಓ ಎನ್ನುತ್ತಾರೆ, ರಾಯದುರ್ಗದ ಗಡಿಯ ಕಡೆಯಿಂದ ಬಂದವರು ವೆಯ್‌ರಾಆಆ ಎನ್ನುತ್ತಾರೆ. ಕನ್ನಡವಾಗಲಿ ತೆಲುಗಾಗಲಿ ಮೂರು ಮಾತ್ರೆ ಕಡಿಮೆಯಾಗದು. ಅಷ್ಟು ಹೊತ್ತು ತನ್ನಷ್ಟಕ್ಕೆ ಓಡುತ್ತಿದ್ದವನಿಗೆ ಆಗ, ತಪ್ಪಿದರೆ ಏನೆನ್ನುತ್ತಾರೋ ಎಂಬ ಯೋಚನೆ ಹುಟ್ಟುತ್ತದೆ, ಮಣಿಕಟ್ಟು ಬಿಗಿಯುತ್ತದೆ. ನಮ್ಮ ಕೊನೆಯ ಚೆಂಡು ಹಾಗೆಯೇ ಸುತ್ತಿ ಹೊರಬಿತ್ತು. ಒಂದು ಪಾಯಿಂಟಿನಲ್ಲಿ ಸೋತೆವು. ಕೂಗಿದವರಲ್ಲಿ ನಾನೂ ಇದ್ದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ.

ಮರುವಾರ ಸಂಜೆ ಪೇಪರ್ ತಿದ್ದಿ ಹೊರಡುವಾಗ ಅಂಗಳದಲ್ಲಿ ಚೆಂಡಿನ ಸದ್ದು ಕೇಳಿತು. ಕೊನೆಯ ಚೆಂಡು ಹಾಕಿದ್ದ ಆ ಮಗ್ಗದ ಮನೆಯ ಹುಡುಗ ಎಡಪಕ್ಕದಿಂದ ಓಡಿ ಬರುತ್ತಿದ್ದ. ನಾನು ಬೇವಿನ ಮರದ ಹಿಂದೆ ನಿಂತೆ. ಬಲಗಾಲು ನೆಲ ಒತ್ತಿತು, ಎಡ ಮೊಳಕಾಲು ಎದ್ದಿತು, ಎಡಗೈಯಿಂದ ಬಿಟ್ಟ ಚೆಂಡು ಚೌಕದ ಮೂಲೆಗೆ ತಾಗಿ ರಿಂಗಿನ ಮೇಲೆ ಬಂತು. ನನ್ನ ಬಾಯಿಗೆ ಒಂದು ಪ್ಲುತ ಬಂದೇಬಿಟ್ಟಿತ್ತು, ಹ್ರಸ್ವದಲ್ಲೇ ನುಂಗಿದೆ.