ಟ್ಯಾಂಕರ್ ಗೊತ್ತಿಲ್ಲದ ಸಾಫ್ಟ್‌ವೇರು

ನೆಲದ ಮೇಲಿರುವುದನ್ನು ನೋಡುವವರು ಬೆಂಗಳೂರಿನ ನಮ್ಮ ಅಲ್ಲಾಳಸಂದ್ರದಲ್ಲಿ ಕಡಿಮೆ. ಫುಟ್‌ಪಾತಿನ ಗುಂಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ನೆಲದ ಕೆಳಗಿರುವುದನ್ನು ನೋಡುವವರು ಮಾತ್ರ ಬೇಕಾದಷ್ಟಿದ್ದಾರೆ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಸೈಟಿನ ತುಂಬ ಓಡಾಡಿ, ಕಾಯಿ ಎದ್ದು ನಿಂತ ಕಡೆ ಬೋರಿಗೆ ಪಾಯಿಂಟ್ ಹಾಕುವವರು ಒಂದು ಕಡೆ. ಕಬ್ಬಿಣದ ಗೂಟ ನೆಟ್ಟು, ಕರೆಂಟು ಹಾಯಿಸಿ, ರೀಡಿಂಗ್ ತೆಗೆದು ಪಾಯಿಂಟ್ ಹಾಕುವವರು ಇನ್ನೊಂದು ಕಡೆ. ವರಾಹಮಿಹಿರ ಆರನೇ ಶತಮಾನದಲ್ಲೇ ಬೃಹತ್ಸಂಹಿತೆಯಲ್ಲಿ ನೆಲದಡಿಯ ನೀರು ಹುಡುಕುವುದಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟು, ಯಾವ ಮರದ ಯಾವ ದಿಕ್ಕಿಗೆ ಹುತ್ತವಿದೆ ನೋಡಿ ಅಗೆಯಿರಿ ಎಂದಿದ್ದ. ನಮ್ಮಲ್ಲಿ ಹುತ್ತವಿದ್ದ ಕಡೆಯೆಲ್ಲ ಈಗ ಅಪಾರ್ಟ್‌ಮೆಂಟು. ಹಾಗಾಗಿ ನನ್ನ ತಮ್ಮನ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು.

ಎಂ.ಟೆಕ್ ಹುಡುಗಿ. ಅಲ್ಲಾಳಸಂದ್ರ ಕೆರೆಯಿಂದ ಜಕ್ಕೂರು ಕೆರೆಯವರೆಗೆ ನೆಲದಡಿಯ ನೀರು ಹೇಗೆ ಹರಿಯುತ್ತದೆ ಎನ್ನುವುದು ಅವಳ ಪ್ರಾಜೆಕ್ಟು. ಫೀಲ್ಡ್ ಹತ್ತಿರ ಎಂಬ ನೆಪದಲ್ಲಿ ನಮ್ಮ ಊಟದ ಮೇಜನ್ನು ವಶಪಡಿಸಿಕೊಂಡಳು. ಸಾಫ್ಟ್‌ವೇರಿನ ಹೆಸರು ಮಾಡ್‌ಫ್ಲೋ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ 1984ರಲ್ಲಿ ಹೊರತಂದದ್ದು, ಇವತ್ತಿಗೂ ಪುಕ್ಕಟೆ. ಅದರ ಹೊಟ್ಟೆಯೊಳಗಿರುವ ಸೂತ್ರ ಇನ್ನೂ ಹಳೆಯದು: ಫ್ರಾನ್ಸಿನ ಡಿಜೋನ್ ಊರಿಗೆ ಕುಡಿಯುವ ನೀರು ತಂದ ಎಂಜಿನಿಯರ್ ಆನ್ರಿ ಡಾರ್ಸಿ, ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ನೋಡಿ 1856ರಲ್ಲಿ ಪ್ರಕಟಿಸಿದ್ದು.

ಸಾಫ್ಟ್‌ವೇರು ಮೊದಲು ಊರನ್ನು ಚೌಕ ಚೌಕವಾಗಿ ಕತ್ತರಿಸುತ್ತದೆ. ಇವಳು ನೂರು ಮೀಟರಿಗೊಂದು ಚೌಕ ಹಾಕಿದ್ದಳು. ಅಂಥ ಒಂದು ಚೌಕದೊಳಗೆ ನಮ್ಮ ಥರ್ಟಿ-ಫಾರ್ಟಿ ಸೈಟುಗಳು, ರಸ್ತೆಯ ಜಾಗ ಕಳೆಯದಿದ್ದರೆ, ಹತ್ತಿರಹತ್ತಿರ ತೊಂಬತ್ತು ಹಿಡಿಯುತ್ತವೆ. ಆ ಅಷ್ಟೂ ಮನೆಗೆ ನೀರಿನ ಮಟ್ಟ ಒಂದೇ. ತೊಂಬತ್ತು ಮನೆಯವರನ್ನು ಒಂದು ಮಟ್ಟಕ್ಕೆ ತರುವುದು ನಮ್ಮ ಕ್ಷೇಮಾಭಿವೃದ್ಧಿ ಸಂಘದಿಂದ ಆಗದ ಕೆಲಸ.

ಮೊದಲ ದಿನವೇ ಮಾಡೆಲ್ಲು ಸಲೀಸಾಗಿ ಓಡಿತು. ಒಳಬಂದ ನೀರು, ಹೊರಹೋದ ನೀರು ಎರಡೂ ತಾಳೆಯಾಗಿ ವ್ಯತ್ಯಾಸ ಶೇಕಡಾ ಸೊನ್ನೆ. ಚಿತ್ರ ತೆಗೆದು ನೋಡಿದರೆ ಅಂತರ್ಜಲ ನಮ್ಮ ತಾರಸಿಗಿಂತ ಮೇಲಿದೆ! ಎತ್ತುವ ನೀರಿಗೆ ಮೈನಸ್ ಗುರುತು ಹಾಕಬೇಕಂತೆ. ಹಾಕದಿದ್ದುದರಿಂದ ಬೋರುಗಳೆಲ್ಲ ಹಗಲೂ ರಾತ್ರಿ ನೆಲದೊಳಕ್ಕೆ ನೀರು ತುಂಬುತ್ತಿದ್ದವು. ಮೈನಸ್ ಹಾಕಿದಳು. ಆಗಲೂ ಓಡಿತು, ಊರೆಲ್ಲ ಸಮೃದ್ಧಿ. ಈ ಸಲದ ತಪ್ಪು ಅಳತೆಯದು. ಬೋರು ಕೊರೆಯುವವರ ಬಾಯಲ್ಲಿ ನೀರು ಇಂಚಿನ ಲೆಕ್ಕ. ‘ವಿ’ ಆಕಾರಕ್ಕೆ ಕತ್ತರಿಸಿದ ತಗಡಿನ ಮೇಲೆ ಎಷ್ಟೆತ್ತರ ಹರಿಯಿತೋ ಅಷ್ಟಿಂಚು. ಎರಡಿಂಚು ಎಂದರೆ ಸೆಕೆಂಡಿಗೆ ಮುಕ್ಕಾಲು ಲೀಟರಿಗಿಂತ ಚೂರು ಹೆಚ್ಚು. ನಾಲ್ಕಿಂಚು ಅದರ ಇಮ್ಮಡಿ ಎಂದುಕೊಂಡವರುಂಟು. ಅಲ್ಲ, ಐದೂವರೆ ಪಟ್ಟಿಗೂ ಮಿಕ್ಕಿದ್ದು. (ಇದನ್ನು ತಿಳಿದ ಮೇಲೆ ಎದುರುಮನೆಯವರ ಮೇಲೆ ನನಗಿದ್ದ ಅಸೂಯೆಯೂ ಅಷ್ಟೇ ಪಟ್ಟು ಏರಿತು.) ಇವಳು ಸೆಕೆಂಡಿನ ಲೆಕ್ಕವನ್ನು ದಿನದ ಕಾಲಂನಲ್ಲಿ ತುಂಬಿದ್ದಳು. ಅಲ್ಲಾಳಸಂದ್ರದ ಒಂದೊಂದು ಎರಡಿಂಚಿನ ಬೋರೂ ದಿನಕ್ಕೆ ಒಂದು ಲೀಟರೂ ಎತ್ತದೆ ತೆಪ್ಪಗಿತ್ತು.

ಅದೂ ಸರಿಹೋಯಿತು. ಆಮೇಲಿನದು ಕೆರೆಯ ಕಥೆ. ಕೆರೆಯ ಮಟ್ಟ ಬದಲಾಗುವುದಿಲ್ಲ ಎಂದು ಬರೆದುಕೊಟ್ಟರೆ, ಎಷ್ಟು ಎತ್ತಿದರೂ ಮಾಡೆಲ್ಲು ಕೆರೆಯಿಂದ ಅಷ್ಟನ್ನು ತಂದುಕೊಡುತ್ತದೆ. ದ್ರೌಪದಿಯ ಅಕ್ಷಯಪಾತ್ರೆಯೇ ಸರಿ. ಜಕ್ಕೂರು ಕೆರೆಗಾದರೆ ಶುದ್ಧೀಕರಿಸಿದ ಒಳಚರಂಡಿ ನೀರು ವರ್ಷವಿಡೀ ಬರುತ್ತದೆ, ಅಲ್ಲಿಗೆ ಈ ಮಾತು ಒಂದಿಷ್ಟು ಒಪ್ಪೀತು. ಎಲ್ಲ ಕೆರೆಗೂ ಆ ಯೋಗವಿಲ್ಲ.

ಕೆರೆಯನ್ನೂ ನಿಜದ ಅಳತೆಗೆ ಇಳಿಸಿದ ದಿನ ಮಾಡೆಲ್ಲು ನಿಂತುಬಿಟ್ಟಿತು. ‘ಕನ್ವರ್ಜ್ ಆಗಲಿಲ್ಲ’ ಎಂಬ ಒಂದೇ ಸಾಲು. ಅಂದರೆ ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲಲಿಲ್ಲ ಎಂದು. “ದೊಡ್ಡಪ್ಪ, ಸುಳ್ಳು ಹೇಳಿದಾಗೆಲ್ಲ ಓಡ್ತಿತ್ತು, ನಿಜ ಹೇಳಿದ್ರೆ ಹಟ ಹಿಡೀತಿದೆ” ಎಂದಳು. ಸರ್ಕಾರಿ ನೌಕರಿಯಿಂದ ನಿವೃತ್ತನಾದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

ಒಣ ಚೌಕಗಳಿಂದ ಬರುವ ಕಾಯಿಲೆಯಂತೆ ಇದು. ಒಂದು ಚೌಕದ ನೀರು ತಳ ಮುಟ್ಟಿತೆಂದರೆ ಹಳೆಯ ಮಾಡ್‌ಫ್ಲೋ ಅದನ್ನು ಲೆಕ್ಕದಿಂದಲೇ ಕಿತ್ತು ಹಾಕುತ್ತಿತ್ತು, ಅದರೊಳಗಿನ ಬೋರಿನ ಸಮೇತ. ಎತ್ತುವವರು ಇಲ್ಲವಾದ್ದರಿಂದ ಸುತ್ತಲಿನ ನೀರು ಏರುತ್ತದೆ. ಏರಿತಲ್ಲ ಎಂದು ಚೌಕವನ್ನು ಮತ್ತೆ ಒದ್ದೆ ಮಾಡಿದರೆ ಬೋರಿಗೆ ಜೀವ ಬಂದು ಮತ್ತೆ ಒಣಗಿಸುತ್ತದೆ. ಈ ಗೊಂದಲ ತಪ್ಪಿಸಲೆಂದೇ 2011ರಲ್ಲಿ ಬಂದ ಆವೃತ್ತಿ ಚೌಕವನ್ನು ಕಿತ್ತುಹಾಕುವುದಿಲ್ಲ. ನೀರು ತೆಳುವಾದಂತೆಲ್ಲ ಪಂಪನ್ನೇ ನಿಧಾನ ಮಾಡುತ್ತದೆ. ಎಂಥ ಸಭ್ಯ ಪಂಪು! 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತಷ್ಟೆ. ಆಗ ಯಾರ ಪಂಪು ನಿಧಾನವಾಯಿತು? ರಿಗ್ ಲಾರಿ ಬಂತು, ಸಾವಿರ ಅಡಿ ದಾಟಿತು, ಆಗಲೂ ದೂಳೇ ಬಂದರೆ ಟ್ಯಾಂಕರಿಗೆ ಫೋನು ಹೋಯಿತು. ಮಳೆಗೆ, ನದಿಗೆ, ಆವಿಯಾಗುವುದಕ್ಕೆ ಮಾಡ್‌ಫ್ಲೋದಲ್ಲಿ ಬೇರೆಬೇರೆ ಪ್ಯಾಕೇಜುಗಳಿವೆ. ಟ್ಯಾಂಕರ್ ಪ್ಯಾಕೇಜು ಮಾತ್ರ ಇಲ್ಲ.

ಡಾರ್ಸಿಯ ಕೊಳವೆಯಲ್ಲಿದ್ದದ್ದು ಮರಳು, ನಮ್ಮ ಕಾಲಡಿಯಿರುವುದು ಹಳೇ ಗಟ್ಟಿಕಲ್ಲು ಎಂಬ ತಕರಾರೂ ಇದೆ. ಮೇಲೆ ಒಂದಿಷ್ಟು ಅಡಿ ಶಿಥಿಲವಾದ ಕಲ್ಲು, ಕೆಳಗೆ ಅಲ್ಲೊಂದು ಇಲ್ಲೊಂದು ಬಿರುಕು. ‘ಗ್ಯಾಪ್’ ಸಿಕ್ಕಿದವನಿಗೆ ನೀರು, ಪಕ್ಕದ ಸೈಟಿನವನಿಗೆ ಸಾಲ. ಇಂಥ ನೆಲಕ್ಕೆ ಮಾಡೆಲ್ಲು ಕಟ್ಟಲು ಬೇಕಾದದ್ದು ಅಳತೆ. ಗುಂಡ್ಲುಪೇಟೆ ಕಡೆಯ ಬೇರಂಬಾಡಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ವರ್ಷಗಟ್ಟಲೆ ಬೋರುಗಳ ನೀರಿನ ಮಟ್ಟ ಅಳೆಯುತ್ತ ಕೂತದ್ದು ಸುಮ್ಮನೆ ಅಲ್ಲ.

ನಮ್ಮ ಹುಡುಗಿಯೂ ಬೀದಿಗಿಳಿದಳು. ಎಷ್ಟು ಆಳ, ದಿನಕ್ಕೆ ಎಷ್ಟು ಹೊತ್ತು ಮೋಟಾರು ಎಂದು ಮನೆಮನೆ ಕೇಳಿದಳು. ಜಲಮಂಡಳಿಯವಳಿರಬೇಕು ಎಂದುಕೊಂಡವರು ನಾನೂರು ಅಡಿ, ಅರ್ಧ ಗಂಟೆ ಎಂದರು. ಮನೆ ಕೊಳ್ಳಲು ಬಂದವಳು ಎಂದುಕೊಂಡ ಒಬ್ಬರು ನಾಲ್ಕಿಂಚು ನೀರಮ್ಮಾ, ಬೇಸಿಗೇಲೂ ನಿಲ್ಲಲ್ಲ ಎಂದರು. ಅದೇ ಮನುಷ್ಯ, ಬಂದದ್ದು ನನ್ನ ತಮ್ಮನ ಮಗಳು ಎಂದು ತಿಳಿದ ಮೇಲೆ, ಎಲ್ಲಿ ನೀರು ಕೇಳುತ್ತಾರೋ ಎಂದು ಹೆದರಿ ನಮ್ಮದು ಫೇಲಾಗಿ ವರ್ಷವಾಯ್ತು ಎಂದುಬಿಟ್ಟರು. ಅವಳು ಎಲ್ಲದರ ಸರಾಸರಿ ತೆಗೆದು ತುಂಬಿದಳು. ಮಾಡೆಲ್ಲು ತುಟಿಪಿಟಕ್ಕೆನ್ನದೆ ಓಡಿತು.

ಅಷ್ಟು ಸುಲಭವಾಗಿ ಓಡಿದ್ದರಿಂದಲೇ ಈಗ ಅವಳಿಗೆ ಅನುಮಾನ. ಮತ್ತೆ ಬೀದಿ ಸುತ್ತುತ್ತಿದ್ದಾಳೆ. ಈ ಸಲ ಮನೆ ಯಜಮಾನರನ್ನು ಬಿಟ್ಟು, ಬೆಳಗಾಗೆದ್ದು ಮೋಟಾರಿನ ಸ್ವಿಚ್ ಹಾಕುವ ವಾಚ್‌ಮನ್‌ಗಳನ್ನೂ ಮನೆಗೆಲಸದವರನ್ನೂ ಕೇಳುತ್ತಿದ್ದಾಳೆ.